ಪ್ಲೇಟಿಗೆ ಹತ್ತದ ಹಾಡು

ನಾಲ್ಕನೇ ಜ್ವರ ಎದ್ದ ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿ ಒಂದು ಗಳಿಗೆ ಸುಮ್ಮನೆ ನಿಂತರೆ ಸೋನೆಮಳೆ ಹಿಡಿದ ಹಾಗೆ ಸದ್ದು ಕೇಳುತ್ತದೆ. ಕೋಡಿಹಳ್ಳಿಯ ರೇಷ್ಮೆ ಮನೆಗಳಲ್ಲಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹಳೆಯ ಗ್ರಾಮಫೋನ್ ಪ್ಲೇಟಿನ ಮೇಲೆ ಮುಳ್ಳು ಇಟ್ಟಾಗ, ಹಾಡು ಶುರುವಾಗುವ ಮೊದಲು ಬರುವುದೂ ಹೆಚ್ಚುಕಡಿಮೆ ಅದೇ ಸದ್ದು. ಆ ಎರಡು ಮೂರು ಕ್ಷಣಕ್ಕಾಗಿಯೇ ನಾನು ಮತ್ತೆ ಪ್ಲೇಟು ಹಾಕತೊಡಗಿದೆ ಅನ್ನಿಸುತ್ತದೆ.

ಪಂಕ್ ರಾಕ್ ನನಗೆ ಸಿಕ್ಕಿದ್ದು ತೊಂಬತ್ತರ ದಶಕದ ಆರಂಭದಲ್ಲಿ, ಬೆಂಗಳೂರಿನ ಹಾಸ್ಟೆಲಿನಲ್ಲಿ, ಕೈಯಿಂದ ಕೈಗೆ ನಕಲಾಗಿ ಸವೆದ ಒಂದು ಕ್ಯಾಸೆಟ್ಟಿನಲ್ಲಿ. ದಿ ಕ್ಲ್ಯಾಶ್ ತಂಡದ ಹಾಡುಗಳು. ಮಾತು ಅರ್ಧವೂ ತಿಳಿಯಲಿಲ್ಲ. ಆದರೆ ಆ ಹೊಡೆತ ಗೊತ್ತಿತ್ತು. ಊರಹಬ್ಬದ ದಿನ ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸಿದ ತಮಟೆ ಮೊದಲ ಏಟಿಗೆ ಎದೆಯೊಳಗೆ ನುಗ್ಗುತ್ತದಲ್ಲ, ಹಾಗೆ. ಆಮೇಲೆ ಕೆಲಸ, ಮದುವೆ, ಸಾಲ. ಕ್ಯಾಸೆಟ್ಟು ಎಲ್ಲಿ ಹೋಯಿತೋ.

ಊರಿಗೆ ಮರಳಿ ಮನೆ ರಿಪೇರಿ ಮಾಡಿಸುವಾಗ ಅಟ್ಟದ ಮೇಲೆ ಚಿಕ್ಕಪ್ಪನ ತಗಡಿನ ಪೆಟ್ಟಿಗೆ ಸಿಕ್ಕಿತು. ಅವರು ಮದುವೆ, ತಿಥಿ, ಜಾತ್ರೆಗಳಿಗೆ ಮೈಕ್ ಸೆಟ್ ಹಾಕುತ್ತಿದ್ದವರು. ಪೆಟ್ಟಿಗೆಯಲ್ಲಿ ರಾಜ್‌ಕುಮಾರ್ ಚಿತ್ರಗಳ ಪ್ಲೇಟುಗಳು, ‘ಶೋಲೆ’ಯ ಸಂಭಾಷಣೆಯದೊಂದು, ತಳದಲ್ಲಿ ನಾಟಕದ ಹಾಡುಗಳ ಭಾರವಾದ ಕಪ್ಪು ತಟ್ಟೆಗಳು. ನಿಮಿಷಕ್ಕೆ 78 ಸುತ್ತು ತಿರುಗುವ, ಒಂದು ಮಗ್ಗುಲಿಗೆ ಮೂರು ನಿಮಿಷವಷ್ಟೇ ಹಿಡಿಯುವ ತಟ್ಟೆಗಳು.

ಅವುಗಳಲ್ಲಿ ಒಂದನ್ನು ನಾನೇ ಹಾಳುಮಾಡಿದೆ. ಬೂಷ್ಟು ಹೋಗಲೆಂದು ಸ್ಪಿರಿಟ್ಟಿನಲ್ಲಿ ಒರೆಸಿದೆ. ಬಟ್ಟೆಯೆಲ್ಲ ಕಪ್ಪಾಯಿತು, ಗೆರೆಗಳು ಮಸುಕಾದವು, ಹಾಡು ಹೋಯಿತು. ಕಾರಣ ತಿಳಿದದ್ದು ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವರೊಬ್ಬರಿಂದ. ಅವರು ತಿರುಗುವ ಹಾಲೆ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಿದ್ದರು. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ ಎಂಬುದು ಅವರಿಗೆ ಕೈಯಲ್ಲೇ ಇರುವ ತಿಳಿವಳಿಕೆ. 78ರ ಪ್ಲೇಟುಗಳನ್ನು ಕಟ್ಟಿಹಿಡಿದಿರುವುದೂ ಅದೇ ಅರಗು: ಮರದ ಕೊಂಬೆಯ ಮೇಲೆ ಹುಳ ಸುರಿಸಿದ ಅಂಟು, ಜೊತೆಗೆ ಕಲ್ಲಿನ ಪುಡಿ, ಕಪ್ಪಿಗೆ ಮಸಿ. ರೇಷ್ಮೆಯಂತೆ ಪ್ಲೇಟೂ ಹುಳದ ದುಡಿಮೆ ಎಂದು ತಿಳಿದ ದಿನ ನನಗೆ ಆದ ಸಂತೋಷ ದೊಡ್ಡದು. ಹೋದ ಹಾಡಿನ ಸಂಕಟ ಮಾತ್ರ ಹಾಗೇ ಉಳಿದಿದೆ. ಈಗ ಬಟ್ಟಿ ಇಳಿಸಿದ ನೀರು, ಮೆತ್ತನೆ ಬಟ್ಟೆ, ಅಷ್ಟೇ. ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸದೆ ಪುಸ್ತಕದಂತೆ ನಿಲ್ಲಿಸುತ್ತೇನೆ.

ಬೆಂಗಳೂರಿನ ಭಾನುವಾರದ ಹಳೇ ಸಾಮಾನಿನ ಬಜಾರಿನಲ್ಲಿ ಪ್ಲೇಯರ್ ಕೊಂಡೆ. ಅದೇ ಬಜಾರಿನಲ್ಲಿ, ಭಕ್ತಿಗೀತೆಗಳ ರಾಶಿಯ ನಡುವೆ, ಕ್ಲ್ಯಾಶ್ ತಂಡದ ‘ಲಂಡನ್ ಕಾಲಿಂಗ್’ ಕಂಡಾಗ ಕೈ ನಡುಗಿತು. 1979ರ ಡಿಸೆಂಬರಿನಲ್ಲಿ ಇಂಗ್ಲೆಂಡಿನಲ್ಲಿ ಬಂದ ಜೋಡಿ ಪ್ಲೇಟು, 19 ಹಾಡು. ಎರಡು ಪ್ಲೇಟನ್ನೂ ಒಂದರ ಬೆಲೆಗೇ ಮಾರಬೇಕೆಂದು ತಂಡ ಕಂಪನಿಯೊಂದಿಗೆ ಹಟ ಹಿಡಿದಿತ್ತು. ಅಂದಿನಿಂದ ಹುಡುಕಾಟ ನಿಂತಿಲ್ಲ. ನ್ಯೂಯಾರ್ಕಿನ ರಮೋನ್ಸ್ 1976ರಲ್ಲಿ ತಂದ ಮೊದಲ ಪ್ಲೇಟಿನಲ್ಲಿ 14 ಹಾಡುಗಳು ಅರ್ಧಗಂಟೆಯೊಳಗೆ ಮುಗಿಯುತ್ತವೆ. ಆಲಾಪವಿಲ್ಲ, ಪೀಠಿಕೆಯಿಲ್ಲ. ಗಿಟಾರ್ ಹಿಡಿಯಲು ಕಲಿತ ತಿಂಗಳಿಗೇ ಯಾರು ಬೇಕಾದರೂ ನುಡಿಸಬಹುದು ಎಂಬ ಧೈರ್ಯವೇ ಆ ಸಂಗೀತದ ಜೀವ.

ಈ ಹುಡುಕಾಟದಲ್ಲಿ ನನಗೆ ಬಹಳ ಹಿಡಿಸಿದ ಪ್ಲೇಟು ಬಝ್‌ಕಾಕ್ಸ್ ತಂಡದ್ದು. ಮ್ಯಾಂಚೆಸ್ಟರಿನ ಆ ಹುಡುಗರು ಮನೆಯವರು, ಗೆಳೆಯರಿಂದ ಕೈಸಾಲ ಎತ್ತಿ 1977ರ ಜನವರಿಯಲ್ಲಿ ನಾಲ್ಕು ಹಾಡಿನ ‘ಸ್ಪೈರಲ್ ಸ್ಕ್ರ್ಯಾಚ್’ ಅನ್ನು ತಾವೇ ಒತ್ತಿಸಿದರು, ಮೊದಲಿಗೆ 1,000 ಪ್ರತಿ. ಅದೇ ತಿಂಗಳು ಇಎಂಐ ಕಂಪನಿ ಸೆಕ್ಸ್ ಪಿಸ್ಟಲ್ಸ್ ತಂಡವನ್ನು ಹೊರಗೆ ಹಾಕಿತು. ಟೀವಿಯಲ್ಲಿ ಅವರು ಆಡಿದ ಬೈಗುಳ ಊರೆಲ್ಲ ಗುಲ್ಲಾಗಿತ್ತು. ನಮ್ಮ ಚಿಕ್ಕಪ್ಪನ ಪೆಟ್ಟಿಗೆಯ ನಾಯಿ ಗುರುತಿನ ಪ್ಲೇಟುಗಳೂ ಇದೇ ಇಎಂಐ ಬಳಗದವು, ಕೋಲ್ಕತ್ತದ ಡಮ್ ಡಮ್ ಕಾರ್ಖಾನೆಯಲ್ಲಿ ಒತ್ತಿದವು.

ಇಲ್ಲಿಗೆ ಬಂದಾಗಲೆಲ್ಲ ನನ್ನ ಮನಸ್ಸು ಮಾಗಡಿಯ ಕಡೆ ತಿರುಗುತ್ತದೆ. ಕ್ಲ್ಯಾಶ್‌ನ ಜೋ ಸ್ಟ್ರಮರ್ ಹುಟ್ಟಿದ್ದು 1952ರಲ್ಲಿ, ಸೆಕ್ಸ್ ಪಿಸ್ಟಲ್ಸ್‌ನ ಜಾನಿ ರಾಟನ್ 1956ರಲ್ಲಿ. ನಡುವೆ, 1954ರಲ್ಲಿ, ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಕವಿ ಸಿದ್ಧಲಿಂಗಯ್ಯ ಹುಟ್ಟಿದರು. ಹೊಲದಲ್ಲಿ ಎತ್ತಿನ ಜಾಗದಲ್ಲಿ ನೊಗಕ್ಕೆ ಹೆಗಲು ಕೊಟ್ಟ ಇಬ್ಬರಲ್ಲಿ ಒಬ್ಬರು ತಮ್ಮ ಅಪ್ಪ ಎಂಬುದನ್ನು ಅವರು ಆತ್ಮಕಥೆ ‘ಊರುಕೇರಿ’ಯಲ್ಲಿ ಬರೆದಿದ್ದಾರೆ. ಶ್ರೀರಾಂಪುರದ ಕೊಳೆಗೇರಿಯಲ್ಲಿ ಬೆಳೆದ ಆ ಹುಡುಗನ ಕವನ ಸಂಕಲನ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂತು. ಅಂದರೆ ಲಂಡನ್ನಿನ ಹುಡುಗರು ಬಾಯಿ ತೆರೆಯುವ ಮುಂಚೆಯೇ. ಆಡುಮಾತು, ಸಿಟ್ಟು, ಬೀದಿಯಲ್ಲಿ ನಿಂತು ಹತ್ತು ಜನ ಒಟ್ಟಿಗೆ ಹೇಳಬಹುದಾದ ಲಯ. ಪಂಕ್ ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಆ ಪುಸ್ತಕವನ್ನೇ ಕೈಗೆ ಕೊಡುತ್ತೇನೆ.

ಅದೇ 1975ರಲ್ಲಿ, ರಾಮದೇವರ ಬೆಟ್ಟದ ಬಂಡೆಗಳಲ್ಲಿ ಚಿತ್ರೀಕರಿಸಿದ ‘ಶೋಲೆ’ ತೆರೆಗೆ ಬಂತು. ಗಬ್ಬರನ ಮಾತು ಪ್ಲೇಟಾಗಿ ದೇಶದ ಮೂಲೆಮೂಲೆಯ ಮೈಕ್ ಸೆಟ್ಟುಗಳಿಗೆ ಹೋಯಿತು. ಸಿದ್ಧಲಿಂಗಯ್ಯನವರ ಪ್ರೇಮಗೀತೆಯೊಂದು ಪುಟ್ಟಣ್ಣ ಕಣಗಾಲರ ‘ಧರಣಿ ಮಂಡಲ ಮಧ್ಯದೊಳಗೆ’ (1983) ಚಿತ್ರ ಸೇರಿ ಮನೆಮನೆ ಮುಟ್ಟಿತು. ಅವರ ಸಿಟ್ಟಿನ ಹಾಡುಗಳಿಗೆ ಮಾತ್ರ ದಲಿತ ಸಂಘರ್ಷ ಸಮಿತಿಯ ಜಾಥಾಗಳು, ತಮಟೆ, ಗಂಟಲು ಇವೇ ವಾಹನ. ಕನಕಪುರದ ಬಸ್ ಸ್ಟ್ಯಾಂಡಿನ ಹತ್ತಿರ ಅಂಥದೊಂದು ಮೆರವಣಿಗೆಯನ್ನು ಹುಡುಗನಾಗಿದ್ದಾಗ ನೋಡಿದ್ದೆ; ಅಪ್ಪ ಕೈ ಹಿಡಿದು ಎಳೆದುಕೊಂಡು ಹೋದರು. ಮ್ಯಾಂಚೆಸ್ಟರಿನ ಪ್ಲೇಟು ಕೋಡಿಹಳ್ಳಿಯ ಕಪಾಟಿಗೆ ಬಂದಿದೆ, ಕನಕಪುರದ ಆ ದಿನದ ದನಿ ಬಂದಿಲ್ಲ. ಈ ಕೊರತೆ ನನ್ನನ್ನು ತಿನ್ನುತ್ತದೆ.

ಹೋದ ತಿಂಗಳು ಸೊಪ್ಪು ಕೊಯ್ಯಲು ಬಂದಿದ್ದ ಹಿರಿಯರೊಬ್ಬರು, ಹಿಂದೆ ಜಾಥಾಗಳಲ್ಲಿ ತಮಟೆ ಬಡಿದವರು, ಜಗಲಿಯಲ್ಲಿ ಕೂತು ಕ್ಲ್ಯಾಶ್ ತಂಡದ ಒಂದು ಮಗ್ಗುಲು ಪೂರ್ತಿ ಕೇಳಿದರು.

“ಇವ್ರಿಗೆ ಕೂಲಿ ಏನು ಕೊಡೋರಪ್ಪಾ?”

“ಮೊದಲ ಸಲ ಕಂಪನಿಯೋರು ಒಂದು ಲಕ್ಷ ಪೌಂಡ್ ಕೊಟ್ಟಿದ್ರಂತೆ ಅಣ್ಣ, 1977ರಲ್ಲಿ.”

“ನಮಗೆ ಚಿತ್ರಾನ್ನದ ಪೊಟ್ಟಣ” ಎಂದು, ಬೆರಳಲ್ಲಿ ಜಗಲಿಯ ಕಲ್ಲು ತಟ್ಟುತ್ತಾ ಹಾಡತೊಡಗಿದರು. ನಾನು ಮೊಬೈಲ್ ತೆಗೆದು ಹಿಡಿದುಕೊಂಡೆ. ಹುಳದ ಮನೆ ಬಾಗಿಲು ತೆರೆದಿತ್ತು. ಹಾಡಿನ ಹಿಂದೆ ಸೊಪ್ಪು ತಿನ್ನುವ ಸದ್ದೂ ಬಿದ್ದಿದೆ. ನಡುವೆ ಎರಡು ಸಾಲು ಅವರಿಗೆ ನೆನಪಾಗಲಿಲ್ಲ. ಹಾರೋಹಳ್ಳಿಗೆ ಕೊಟ್ಟಿರುವ ತಂಗಿಗೆ ಗೊತ್ತಿರಬಹುದು, ಹುಳ ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟ ಮೇಲೆ ಹೋಗಿ ಕೇಳಿಕೊಂಡು ಬರೋಣ ಎಂದರು.