ನಿಮಗಿದು ಗೊತ್ತೆ? ಬಂಗುಡೆ ಕೊಂಡ ಮೇಲೆ ಐಸ್ ಮರೆಯಬೇಡಿ

ತಗಡೂರು, ನಂಜನಗೂಡು ಕಡೆಯವರಿಗೆ ಕಪಿಲೆಯ ಕಟ್ಲಾ, ಜಿಲೇಬಿ ಮೀನಿನ ರುಚಿ ಗೊತ್ತು. ಮಡಿಕೇರಿ, ಸುಳ್ಯದ ದಾರಿಯಲ್ಲಿ ಘಟ್ಟ ಇಳಿದು ಮಂಗಳೂರು, ಮಲ್ಪೆ ತಲುಪಿದರೆ ಬಂಗುಡೆ, ಬೂತಾಯಿ, ಅಂಜಲ್, ಕಾಣೆಗಳ ಬೇರೆಯದೇ ಲೋಕ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಗ ತಾಜಾ ಮೀನಿಗೆ ನಾಡದೋಣಿಗಳೇ ಆಧಾರ; ಬೆಲೆಯೂ ಏರಿರುತ್ತದೆ.

ತಾಜಾ ಬಂಗುಡೆಯ ಕಣ್ಣು ಉಬ್ಬಿ ತಿಳಿಯಾಗಿರುತ್ತದೆ, ಕಿವಿರು ಕೆಂಪಗಿರುತ್ತದೆ. ಬೆರಳಿನಿಂದ ಒತ್ತಿದರೆ ಕುಳಿ ಉಳಿಯಬಾರದು. ಮರುವಾಯಿ ಎಂಬ ಚಿಪ್ಪುಮೀನು ಕೊಳ್ಳುವುದಾದರೆ ಬಾಯ್ತೆರೆದದ್ದನ್ನು ಮೆಲ್ಲಗೆ ತಟ್ಟಿ ನೋಡಿ. ಜೀವಂತವಿದ್ದರೆ ಚಿಪ್ಪು ಮುಚ್ಚಿಕೊಳ್ಳುತ್ತದೆ. ಮುಚ್ಚದಿದ್ದರೆ ಬೇಡವೇ ಬೇಡ.

ನಮ್ಮ ಕಡೆಯವರು ಅಷ್ಟಾಗಿ ಅರಿಯದ ಸಂಗತಿ ಇನ್ನೊಂದಿದೆ. ಬಂಗುಡೆ, ಸೂರೆ (ಟ್ಯೂನಾ) ಥರದ ಮೀನು ಬಿಸಿಲಲ್ಲಿ ಕಾದ ಕಾರಿನೊಳಗೆ ಉಳಿದರೆ ಅದರಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಉಂಟಾಗುತ್ತದೆ. ತಿಂದವರಿಗೆ ಮುಖ ಕೆಂಪೇರಿ, ತುರಿಕೆ, ತಲೆನೋವು ಬರಬಹುದು. ಎಷ್ಟೇ ಕುದಿಸಿದರೂ, ಹುರಿದರೂ ಅದು ನಾಶವಾಗದು! ಹಾಗಾಗಿ ಮಾರುಕಟ್ಟೆಯಲ್ಲೇ ಕಿವಿರು, ಕರುಳು ತೆಗೆಸಿ, ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಮೀನಿನ ಕೆಳಗೂ ಮೇಲೂ ಪುಡಿ ಐಸ್ ಹಾಕಿಸಿ. ಕರಗಿದ ನೀರನ್ನು ಆಗಾಗ ಬಸಿಯಿರಿ.

ಅಡುಗೆ ಸುಲಭ. ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ ಬೀಜ, ತೆಂಗಿನಕಾಯಿ, ಹುಣಸೆಹಣ್ಣು ನುಣ್ಣಗೆ ರುಬ್ಬಿ ಕುದಿಸಿ, ಕೊನೆಗೆ ಮೀನು ಹಾಕಿ. ಹೋಳು ಬೇಗ ಬೇಯುತ್ತದೆ. ಸೌಟಿನಿಂದ ಕಲಕಿದರೆ ಒಡೆಯುತ್ತದೆ, ಪಾತ್ರೆಯನ್ನೇ ಹಿಡಿದು ಅಲುಗಿಸಿ. ಬಂಗುಡೆ ಸಾರಿಗೆ ಕೊಂಕಣಿ ಮನೆಗಳಲ್ಲಿ ತಿರ್ಫಲ ಎಂಬ ಮಸಾಲೆಕಾಯಿ ಜಜ್ಜಿ ಹಾಕುತ್ತಾರೆ. ಅದರ ಘಮ ಒಮ್ಮೆಯಾದರೂ ಸವಿಯಲೇಬೇಕು.