ಮರಳಿ ಹೊತ್ತಗೆಯ ಕಡೆಗೆ

ಊಟಕ್ಕೆ ಕುಳಿತವನು ಅಡುಗೆಯ ಪರಿಮಳವನ್ನಷ್ಟೇ ಸವಿದು ಎದ್ದರೆ ಹಸಿವು ಹಿಂಗುವುದಿಲ್ಲ. ಗ್ರಂಥಗಳ ವಿಷಯದಲ್ಲಿ ನಾವು ಎರಡು ವರುಷ ಹೀಗೆಯೇ ನಡೆದುಕೊಂಡೆವು. ಇದನ್ನು ವಾಚಕ ಬಂಧುಗಳ ಮುಂದೆ ಒಪ್ಪಿಕೊಳ್ಳುವುದು ನಮಗೆ ಸುಲಭವಲ್ಲ. ಆದರೆ ನಮಗಾದ ಹಾನಿಯು ಅನೇಕ ಮನೆಗಳಲ್ಲಿ ಸದ್ದಿಲ್ಲದೆ ಆಗುತ್ತಿರುವುದರಿಂದ ಬರೆಯುವುದು ಕರ್ತವ್ಯವೆಂದು ಭಾವಿಸಿದ್ದೇವೆ.

ತಿಂಗಳಿಗೊಂದು ಹೊಸ ಗ್ರಂಥವನ್ನು ಓದಿ, ಅದರ ಪರಿಚಯವನ್ನು ಬರೆದು ಪತ್ರಿಕೆಗಳಿಗೆ ಕಳುಹಿಸುವುದು ನಮ್ಮ ಬಹುಕಾಲದ ರೂಢಿಯಾಗಿದ್ದಿತು. ಮಠದ ಪಾಠಶಾಲೆಯಲ್ಲಿ ಬೆಳೆದ ನಮಗೆ ಈ ಸಂಸ್ಕಾರ ಬಂದುದು ಗುರುಗಳಿಂದ. ಓದಿದ ಪುಸ್ತಕದ ಸಾರವನ್ನು ಒಪ್ಪಿಸುವವರೆಗೆ ಅವರು ಮತ್ತೊಂದನ್ನು ಕೈಗೆ ಕೊಡುತ್ತಿರಲಿಲ್ಲ. ಓದಿದುದನ್ನು ನಮ್ಮ ಮಾತಿನಲ್ಲಿ ಹೇಳಲು ಬಾರದಿದ್ದರೆ, ಓದು ಕಣ್ಣಿನಲ್ಲಿಯೇ ನಿಂತಿದೆಯೆಂದು ಅವರು ತಿಳಿಯುತ್ತಿದ್ದರು.

ಹೀಗಿರಲು ಹಳೆಯ ಶಿಷ್ಯರೊಬ್ಬರು ಸ್ಮಾರ್ಟ್‌ಫೋನು ತಂದುಕೊಟ್ಟು, ವಾಟ್ಸಾಪ್, ಫೇಸ್‌ಬುಕ್‌ಗಳನ್ನು ಬಳಸುವ ಬಗೆಯನ್ನು ಪ್ರೀತಿಯಿಂದ ಕಲಿಸಿದರು. ಮೊದಮೊದಲು ದೂರದ ಮಿತ್ರರ ಕ್ಷೇಮಸಮಾಚಾರ ತಿಳಿಯಿತು. ಅದು ಲಾಭವೇ ಸರಿ. ಕ್ರಮೇಣ ಹನ್ನೊಂದು ಬಳಗಗಳಲ್ಲಿ ನಮ್ಮ ಹೆಸರು ಸೇರಿತು. ಬೆಳಗಿನಿಂದ ರಾತ್ರಿಯವರೆಗೆ ಸುಭಾಷಿತ, ಸುದ್ದಿ, ಶುಭಾಶಯ, ವಾಗ್ವಾದಗಳು ಬರತೊಡಗಿದವು. ನಾವು ಸದಾ ಓದುತ್ತಲೇ ಇದ್ದೇವೆಂಬ ಭ್ರಮೆ ನಮಗಿದ್ದಿತು. ಪುಸ್ತಕಕ್ಕೆ ಕೊನೆಯ ಪುಟವುಂಟು. ಬೆರಳು ಸರಿಸಿದಂತೆಲ್ಲ ಬೆಳೆಯುವ ಈ ಪುಟಕ್ಕೆ ಕೊನೆಯೇ ಇಲ್ಲ. 2006ರಲ್ಲಿ ಇಂಥ ವಿನ್ಯಾಸವನ್ನು ರೂಪಿಸಿದ ಅಮೆರಿಕದ ಏಜಾ ರಾಸ್ಕಿನ್ ಅವರೇ ಮುಂದೆ ಅದಕ್ಕಾಗಿ ಬಹಿರಂಗವಾಗಿ ಪರಿತಪಿಸಿದ್ದಾರೆ.

ಇದೇ ಅವಧಿಯಲ್ಲಿ ನಿವೃತ್ತ ಶಿಕ್ಷಕರಾದ ನಮ್ಮ ಬಾಲ್ಯಮಿತ್ರರೊಬ್ಬರು ತಾವು ಬರೆದ ಪುಸ್ತಕವನ್ನು ಅಂಚೆಯ ಮೂಲಕ ಕಳುಹಿಸಿದರು. ತಮ್ಮ ಸೀಮೆಯ ಒಕ್ಕಲುತನದ ಶಬ್ದಗಳನ್ನು ಹನ್ನೆರಡು ವರುಷ ಹೊಲ ಹೊಲ ತಿರುಗಿ ಸಂಗ್ರಹಿಸಿ, ಕೈಯಿಂದ ಹಣ ಹಾಕಿ ಅಚ್ಚು ಮಾಡಿಸಿದ್ದರು. ನಾವು ಮುಖಪುಟದ ಚಿತ್ರ ತೆಗೆದು ಬಳಗಕ್ಕೆ ಹಾಕಿ, ಕೈಮುಗಿದ ಗುರುತೊಂದನ್ನು ಕಳುಹಿಸಿ, ಸಾವಕಾಶವಾಗಿ ಓದಿದರಾಯಿತೆಂದು ಕಪಾಟಿನಲ್ಲಿ ಇರಿಸಿದೆವು. ಎಂಟು ತಿಂಗಳಾದ ಮೇಲೆ ಅವರ ನಿಧನದ ವಾರ್ತೆ ಬಂದುದೂ ಅದೇ ಬಳಗದಲ್ಲಿ. ನಮ್ಮ ಬೆರಳು ಅಭ್ಯಾಸಬಲದಿಂದ ಮತ್ತದೇ ಕೈಮುಗಿದ ಗುರುತನ್ನು ಒತ್ತಿತು.

ಅಂದು ಸಂಜೆ ಪುಸ್ತಕವನ್ನು ತೆರೆದೆವು. 64ನೆಯ ಪುಟದಲ್ಲಿ ಒಂದು ಚೀಟಿ ಇದ್ದಿತು: ಈ ಪುಟದ ಒಂದು ಶಬ್ದಕ್ಕೆ ತಾವು ಕೊಟ್ಟ ಅರ್ಥದಲ್ಲಿ ಸಂದೇಹವಿದೆ, ನಿಘಂಟು ನೋಡಿ ತಿಳಿಸಬೇಕು, ಎರಡನೆಯ ಮುದ್ರಣದಲ್ಲಿ ತಿದ್ದಿಕೊಳ್ಳುವೆ ಎಂದು ಬರೆದಿದ್ದರು. 1894ರಲ್ಲಿ ಮೊದಲು ಪ್ರಕಟವಾದ ಕಿಟ್ಟೆಲರ ನಿಘಂಟು ನಮ್ಮ ಕೈಗೆಟುಕುವಷ್ಟು ಸಮೀಪದಲ್ಲಿಯೇ ಇದ್ದಿತು. ಹತ್ತು ನಿಮಿಷದ ಕೆಲಸ. ಅದಕ್ಕೆ ಎಂಟು ತಿಂಗಳಲ್ಲಿ ನಮಗೆ ಬಿಡುವಾಗಿರಲಿಲ್ಲ.

ಮರುದಿನವೇ ಓದಲು ಕುಳಿತೆವು. ಮೂರು ಪುಟವೂ ಸಾಗಲಿಲ್ಲ. ಕಣ್ಣು ಸಾಲಿನ ಮೇಲಿದ್ದರೂ ಕೈ ಫೋನಿನ ಕಡೆಗೆ ಹೋಗುತ್ತಿತ್ತು. ವಯಸ್ಸಿನ ದೋಷವೆಂದು ಬಗೆದೆವು. ಆಗ ನೆನಪಾದುದು ಓದಿನ ಶಾಸ್ತ್ರದಲ್ಲಿ ಜೀವಮಾನವನ್ನೇ ಸವೆಸಿದ ಅಮೆರಿಕದ ವಿದುಷಿ ಮೇರಿಯಾನ್ ವುಲ್ಫ್ ಅವರ ಅನುಭವ. ತಾವು ಎಳೆಯ ವಯಸ್ಸಿನಲ್ಲಿ ಮೆಚ್ಚಿದ್ದ ಹರ್ಮನ್ ಹೆಸ್ಸೆಯವರ 1943ರ ಕಾದಂಬರಿಯನ್ನು ಮತ್ತೆ ಓದಹೊರಟಾಗ ತಮ್ಮಿಂದಾಗಲಿಲ್ಲವೆಂದು ಅವರು 2018ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಸಂಕೋಚವಿಲ್ಲದೆ ಬರೆದಿದ್ದಾರೆ. ಪರದೆಯ ಮೇಲೆ ಅವಸರದಿಂದ ಹಾಯುವ ಕಣ್ಣು ಕಾಗದದ ಮೇಲೆಯೂ ಹಾಗೆಯೇ ಹಾಯುತ್ತಿತ್ತು. ಅವರು ದಿನಕ್ಕೆ ಇಪ್ಪತ್ತು ನಿಮಿಷದಂತೆ ಹಟ ಹಿಡಿದು ಓದಿದರು. ಎರಡು ವಾರಗಳಲ್ಲಿ ಹಳೆಯ ಓದು ಮರಳಿತು. ಮಾತಿನಂತೆ ಓದು ಹುಟ್ಟಿನಿಂದ ಬಂದುದಲ್ಲ, ಅಭ್ಯಾಸದಿಂದ ಮಿದುಳು ಕಟ್ಟಿಕೊಂಡುದು, ಆದುದರಿಂದ ಅಭ್ಯಾಸ ತಪ್ಪಿದರೆ ಸಡಿಲಾಗುತ್ತದೆಯೆಂಬುದು ಅವರ ವಿವರಣೆ.

ಇದು ಒಬ್ಬರ ಅನುಭವ ಮಾತ್ರವಲ್ಲ. 2000ದಿಂದ 2017ರವರೆಗಿನ 54 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದ ವಿದ್ವಾಂಸರು 2018ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಅವುಗಳಲ್ಲಿ ಭಾಗವಹಿಸಿದವರು 1,70,000ಕ್ಕೂ ಹೆಚ್ಚು ಜನ. ವಿಷಯಪ್ರಧಾನವಾದ ಬರಹವು ಪರದೆಗಿಂತ ಕಾಗದದ ಮೇಲೆ ಚೆನ್ನಾಗಿ ತಿಳಿಯುತ್ತದೆಂದೂ, ಸಮಯದ ಒತ್ತಡವಿದ್ದಾಗ ಈ ಅಂತರ ಇನ್ನೂ ಹೆಚ್ಚುತ್ತದೆಂದೂ ಕಂಡುಬಂದಿತು. ಬರಿಯ ಕಥೆಗಳಲ್ಲಿ ಅಂಥ ಅಂತರ ಕಾಣಲಿಲ್ಲವೆಂಬುದನ್ನೂ ಹೇಳುವುದು ನ್ಯಾಯ. ಅರ್ಥಶಾಸ್ತ್ರದ ನೊಬೆಲ್ ಪಡೆದ ಹರ್ಬರ್ಟ್ ಸೈಮನ್ ಅವರು 1971ರಷ್ಟು ಹಿಂದೆಯೇ, ಮಾಹಿತಿ ಹೆಚ್ಚಿದಂತೆ ಮನುಷ್ಯನ ಗಮನಕ್ಕೆ ಬಡತನ ಬರುತ್ತದೆಂದು ಎಚ್ಚರಿಸಿದ್ದರು. ಫೋನು ಇನ್ನೂ ಗೋಡೆಗೆ ಅಂಟಿಕೊಂಡಿದ್ದ ಕಾಲವದು.

ನಾವು ಕೈಗೊಂಡ ಉಪಾಯ ಸರಳವಾದುದು. ಫೋನಿನಲ್ಲಿ ಕರೆಯೊಂದನ್ನುಳಿದು ಮಿಕ್ಕವನ್ನೆಲ್ಲ ತೆಗೆಸಿದೆವು. ಬೆಳಗಿನ ಪೂಜೆಯಾದೊಡನೆ ಇಪ್ಪತ್ತು ನಿಮಿಷ ಓದು. ಆ ಹೊತ್ತಿನಲ್ಲಿ ಫೋನು ಅಡುಗೆಮನೆಯ ಮಾಡದಲ್ಲಿ. ಕೈಯಲ್ಲೊಂದು ಸೀಸದ ಕಡ್ಡಿ, ಪಕ್ಕದಲ್ಲೊಂದು ನೋಟುಬುಕ್ಕು. ಮೊದಲ ವಾರ ಅದು ಶಿಕ್ಷೆಯಂತೆಯೇ ಇದ್ದಿತು. ಮೂರನೆಯ ವಾರದಲ್ಲಿ ಒಮ್ಮೆ ತಲೆಯೆತ್ತಿ ನೋಡಿದಾಗ ಒಂದು ಗಂಟೆ ಕಳೆದಿದ್ದಿತು. ಕಳೆದುಹೋದ ಹಸು ತಾನಾಗಿ ಕೊಟ್ಟಿಗೆಗೆ ಬಂದಷ್ಟು ಸಮಾಧಾನವಾಯಿತು.

ಓದು ಮರಳಿದ ಮೇಲೆ ಬರಹವೂ ಮರಳಬೇಕಷ್ಟೆ. ಗ್ರಂಥಪರಿಚಯವೆಂದರೆ ಹೊಗಳಿಕೆಯ ಹಾರವಲ್ಲ, ತಪ್ಪುಗಳ ಪಟ್ಟಿಯೂ ಅಲ್ಲ. ಲೇಖಕನು ಏನು ಹೇಳಹೊರಟಿದ್ದಾನೆ, ಎಷ್ಟು ಸಾಧಿಸಿದ್ದಾನೆ, ಓದುವವನಿಗೆ ಏನು ದಕ್ಕುತ್ತದೆ, ಎಲ್ಲಿ ತಿದ್ದಬೇಕು ಎಂಬ ನಾಲ್ಕು ಪ್ರಶ್ನೆಗಳಿಗೆ ಪ್ರಾಮಾಣಿಕವಾದ ಉತ್ತರವಿದ್ದರೆ ಸಾಕು. ಮಿತ್ರರ ಪುಸ್ತಕದಿಂದಲೇ ಮೊದಲುಮಾಡಿದೆವು. ಅವರ ಸಂದೇಹ ನಿಜವಾಗಿದ್ದಿತು, ಅರ್ಥ ತಪ್ಪಿತ್ತು. ಅದನ್ನೂ ಬರೆದೆವು. ಪುಸ್ತಕದ ಹಿರಿಮೆ ಅದರಿಂದ ಕಡಿಮೆಯಾಗಲಿಲ್ಲ.

ಬರಹವನ್ನು ತೆಗೆದುಕೊಂಡು ಅವರ ಮನೆಗೆ ಹೋದೆವು. ಅವರ ಪತ್ನಿ ಅದನ್ನು ಮಗನ ಕೈಯಲ್ಲಿ ಪೂರ್ತಿ ಓದಿಸಿ ಕೇಳಿದರು. ಆಮೇಲೆ, “ದಿನಾ ಟಪಾಲಿನಾಂವ ಬಂದನೇನು ಅಂತ ಕೇಳತಿದ್ರು ರೀ. ಈಗರೆ ಬಂತಲ್ಲ” ಎಂದರು. ಆ ತಾಯಿಯ ಮಾತಿನಲ್ಲಿ ಆಕ್ಷೇಪಣೆಯಿರಲಿಲ್ಲ. ಅದರಿಂದಲೇ ನಮಗೆ ತಲೆಯೆತ್ತಲಾಗಲಿಲ್ಲ. ಎರಡನೆಯ ಮುದ್ರಣವನ್ನು ತಿದ್ದಿಕೊಡುವ ಹೊಣೆಯನ್ನು ಹೊತ್ತು ಬಂದಿದ್ದೇವೆ.

ಕನ್ನಡದಲ್ಲಿ ಓದುಗರೇ ವಿರಳವಾಗಿದ್ದ ಕಾಲದಲ್ಲಿ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಈಗ ಪುಸ್ತಕ ಮನೆ ಬಾಗಿಲಿಗೇ ಬರುತ್ತದೆ; ತೆರೆಯುವ ಕೈ ಬೇಕಾಗಿದೆ. ತಮ್ಮ ಮನೆಯಲ್ಲಿಯೂ ಯಾರೋ ಪ್ರೀತಿಯಿಂದ ಕೊಟ್ಟ, ಇನ್ನೂ ತೆರೆಯದ ಪುಸ್ತಕವೊಂದು ಇದ್ದೀತು. ಮಕ್ಕಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ದಿನಕ್ಕೆ ಇಪ್ಪತ್ತು ನಿಮಿಷ ಅದನ್ನು ಓದಿರಿ. ಮುಗಿದ ಮೇಲೆ ಬರೆದವರಿಗೆ ಒಂದು ಕಾಗದ ಹಾಕಿರಿ. ಅವರು ಇರುವಾಗಲೇ ಹಾಕಿರಿ.