ನೋಡುಗರ ನ್ಯಾಯಪೀಠ

2023ರ ಅಕ್ಟೋಬರ್ ತಿಂಗಳ ಕೊನೆಯ ವಾರದಲ್ಲಿ ನಮ್ಮ ಸಂಜಯನಗರದಲ್ಲಿ ಇಬ್ಬರು ಸೇರಿದಲ್ಲೆಲ್ಲ ಹುಲಿಯುಗುರಿನ ಮಾತೇ ನಡೆಯುತ್ತಿತ್ತು. ಹಾಲಿನ ಬೂತಿನ ಮುಂದೆ, ಮುಖ್ಯರಸ್ತೆಯ ಬಸ್ ತಂಗುದಾಣದಲ್ಲಿ, ಭಾನುವಾರ ಬಲಿಪೂಜೆ ಮುಗಿಸಿ ಹೊರಬಂದವರ ನಡುವೆಯೂ ಅದೇ ಚರ್ಚೆ. ಪ್ರಿಯ ವಾಚಕರಿಗೆ ವಿಷಯ ನೆನಪಿರಬಹುದು. ಕಲರ್ಸ್ ಕನ್ನಡ ವಾಹಿನಿಯ ‘ಬಿಗ್ ಬಾಸ್’ ಸ್ಪರ್ಧೆಯ ಹತ್ತನೆಯ ಆವೃತ್ತಿ ಆ ತಿಂಗಳ 8ರಂದು ಆರಂಭವಾಗಿತ್ತು. ಸ್ಪರ್ಧಿಗಳಲ್ಲೊಬ್ಬರು ವರ್ತೂರು ಸಂತೋಷ್. ಹಳ್ಳಿಕಾರ್ ರಾಸುಗಳ ಸಾಕಣೆಯಿಂದ ಹೆಸರಾದವರು. ಅವರ ಕೊರಳ ಸರದಲ್ಲಿ ತೂಗುತ್ತಿದ್ದ ಪದಕವು ಮನೆಮನೆಗಳಲ್ಲಿ ಕುಳಿತು ನೋಡುತ್ತಿದ್ದವರ ಕಣ್ಣಿಗೆ ಬಿತ್ತು. ಅದು ಹುಲಿಯ ಉಗುರೆಂದು ಅರಣ್ಯ ಇಲಾಖೆಗೆ ದೂರು ಹೋಯಿತು. 22ರ ರಾತ್ರಿ ಅಧಿಕಾರಿಗಳು ಸ್ಪರ್ಧೆಯ ಮನೆಗೇ ಹೋಗಿ ಅವರನ್ನು ಬಂಧಿಸಿದರು. 27ರಂದು ಜಾಮೀನು ದೊರೆಯಿತು. ಅನಂತರ ಅವರು ಮರಳಿ ಅದೇ ಮನೆಯನ್ನು ಸೇರಿದರು.

“ಒಂದು ಉಗುರಿಗೆ ಇಷ್ಟೊಂದು ಶಿಕ್ಷೆಯೇ ಫಾದರ್?” ಎಂದು ಕೇಳಿದವರು ಹಲವರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಹುಲಿಯು ಮೊದಲನೆಯ ಅನುಸೂಚಿಯ ಪ್ರಾಣಿ. ಅದರ ಉಗುರು, ಹಲ್ಲು, ಚರ್ಮ ಯಾವುದನ್ನು ಇಟ್ಟುಕೊಂಡರೂ ಮೂರರಿಂದ ಏಳು ವರ್ಷಗಳ ಸೆರೆವಾಸದವರೆಗೆ ಶಿಕ್ಷೆಯುಂಟು. ಹಿರಿಯರಿಂದ ಬಂದ ಒಡವೆ ಎಂಬ ಮಾತೊಂದೇ ಅಲ್ಲಿ ಸಾಲದು. ಒಡೆತನದ ಪ್ರಮಾಣಪತ್ರ ಬೇಕು. 2022ರ ಗಣತಿಯಲ್ಲಿ ಕರ್ನಾಟಕದ ಹುಲಿಗಳ ಸಂಖ್ಯೆ 563 ಎಂದು ಅಂದಾಜಾಗಿತ್ತು. ಅಷ್ಟು ಹುಲಿಗಳಾದರೂ ಇಲ್ಲಿ ಉಳಿದಿವೆಯೆಂದರೆ ಅದರಲ್ಲಿ ಆ ಕಾಯಿದೆಯ ಪಾಲೂ ಇದೆ. ಸಂತೋಷ್ ಅವರ ಪ್ರಕರಣದ ನ್ಯಾಯಾನ್ಯಾಯವನ್ನು ನಿರ್ಣಯಿಸುವ ಹೊಣೆ ನ್ಯಾಯಾಲಯದ್ದು. ಅದರಲ್ಲಿ ನಾವು ಕೈಯಿಡುವುದಿಲ್ಲ. ಆದರೆ ಇಲ್ಲಿ ನೋಡುಗರು ಮಾಡಿದ ಕೆಲಸ ಅವರಿಗೆ ಸಲ್ಲುವಂಥದೇ ಆಗಿತ್ತು. ಕಣ್ಣಿಗೆ ಕಾಣುವ ಒಂದು ವಸ್ತುವಿತ್ತು, ಅದರ ಬಗೆಗೆ ಒಂದು ಕಾನೂನಿತ್ತು, ಅಸಲಿಯೋ ನಕಲಿಯೋ ಎಂದು ಪರೀಕ್ಷಿಸುವ ಪ್ರಯೋಗಾಲಯವೂ ಇತ್ತು. ನೋಡಿದವರು ಸಾಕ್ಷಿಗಳಾದರು. ಆ ಬಳಿಕ ಕೆಲವು ಚಿತ್ರನಟರ ಮನೆಗಳಿಗೂ ಅಧಿಕಾರಿಗಳು ಹೋಗಿ ಪರಿಶೀಲಿಸಬೇಕಾಗಿ ಬಂದುದು ಅದೇ ಸಾಕ್ಷ್ಯದ ಮುಂದುವರಿಕೆ.

ನಮ್ಮನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ನವೆಂಬರಿನಲ್ಲಿ ನಡೆದದ್ದು. ಮನೆಗೆ ಮರಳಿದ ಸಂತೋಷ್ ಕೆಲವು ದಿನಗಳಲ್ಲಿಯೇ ‘ನನ್ನನ್ನು ಹೊರಗೆ ಕಳುಹಿಸಿ’ ಎಂದು ಹಟ ಹಿಡಿದರು. ಹೊರಗೆ ನಡೆದ ಸಂಗತಿಗಳು ಅವರ ಮನಸ್ಸನ್ನು ಬಿಟ್ಟಿರಲಿಲ್ಲ. ವಾರಾಂತ್ಯದ ಸಭೆಯಲ್ಲಿ ನಿರೂಪಕ ಸುದೀಪ್ ಅವರು, ಆ ವಾರ ಸಂತೋಷ್ ಅವರನ್ನು ಉಳಿಸಲು ಜನರು 34 ಲಕ್ಷಕ್ಕೂ ಮಿಕ್ಕಿ ಮತಗಳನ್ನು ಹಾಕಿದ್ದಾರೆಂದು ತಿಳಿಸಿದರು. ಆದರೂ ಸಂತೋಷ್ ಮಾತು ಬದಲಿಸಲಿಲ್ಲ. ಸುದೀಪ್ ತಮ್ಮ ಅಸಮಾಧಾನವನ್ನು ಮರೆಮಾಚಲಿಲ್ಲ. ಕೊನೆಗೆ ಸ್ಪರ್ಧಿಯ ತಾಯಿಯೇ ಮನೆಯೊಳಕ್ಕೆ ಬಂದು ಮಗನಿಗೆ ಸಮಾಧಾನ ಹೇಳಬೇಕಾಯಿತು.

ಆ ವಾರ ಸಂಜಯನಗರವು ಎರಡು ಪಕ್ಷವಾಯಿತೆಂದರೆ ಅತಿಶಯೋಕ್ತಿಯಲ್ಲ. ಮನೆಭೇಟಿಗೆಂದು ಸಂಜೆ ಹೊರಟ ನಮಗೆ ಒಂದು ಮನೆಯಲ್ಲಿ ತಂದೆ ಒಂದು ಪಕ್ಷ, ಮಗಳು ಇನ್ನೊಂದು ಪಕ್ಷವಾಗಿ ಕಂಡರು. “ಲಕ್ಷಾಂತರ ಜನರ ಮತವನ್ನು ಕಾಲಲ್ಲಿ ಒದ್ದ ಕೃತಘ್ನ” ಎಂದು ತಂದೆ, “ಸೆರೆಮನೆ ಕಂಡು ಬಂದವರ ಮನಸ್ಸು ನಿಮಗೇನು ಗೊತ್ತು ಅಪ್ಪಾ?” ಎಂದು ಮಗಳು. ಮುದುಕಿಯೊಬ್ಬರು ಮಾತ್ರ, “ತಾಯಿ ಬಂದು ಕರೆದ ಮೇಲೆ ಇನ್ನೇನು ಸ್ವಾಮಿ, ಊಟ ಮಾಡಿದನೋ ಇಲ್ಲವೋ ಅದನ್ನು ಕೇಳಿ” ಎಂದರು. ಮೂವರಲ್ಲಿ ಹೆಚ್ಚು ತಿಳಿದವರು ಅವರೇ ಎಂದು ನಮಗೆ ಅನ್ನಿಸಿತು.

ಇದೇ ಕಾಲದಲ್ಲಿ ನಮ್ಮ ಧರ್ಮಕೇಂದ್ರದಲ್ಲಿ ವಸ್ತ್ರವಿನ್ಯಾಸ ಕಲಿಯುತ್ತಿರುವ ಕೆಲವು ಯುವತಿಯರು ಅಮೆರಿಕದ ಒಂದು ಸ್ಪರ್ಧೆಯ ಕಥೆಯನ್ನು ನಮಗೆ ಹೇಳಿದರು. 2004ರಲ್ಲಿ ಆರಂಭವಾದ ಆ ಕಾರ್ಯಕ್ರಮದ ಹೆಸರು ‘ಪ್ರಾಜೆಕ್ಟ್ ರನ್‌ವೇ’. ಕೊಟ್ಟ ಸಮಯದಲ್ಲಿ, ಕೊಟ್ಟ ಹಣದಲ್ಲಿ ಉಡುಪನ್ನು ಯೋಚಿಸಿ, ಕತ್ತರಿಸಿ, ಹೊಲಿದು ತೀರ್ಪುಗಾರರ ಮುಂದೆ ನಿಲ್ಲಿಸಬೇಕು. 2006ರಲ್ಲಿ ನಡೆದ ಮೂರನೆಯ ಆವೃತ್ತಿಯಲ್ಲಿ ಜೆಫ್ರಿ ಸೆಬೀಲಿಯಾ ಎಂಬ ಸ್ಪರ್ಧಿ, ಇನ್ನೊಬ್ಬ ಸ್ಪರ್ಧಿಯ ತಾಯಿಗೆ ಉಡುಪು ಹೊಲಿಯುವ ಪಾಳಿ ಬಂದಾಗ, ಆ ತಾಯಿ ಅಳುವಷ್ಟು ಕಟುವಾಗಿ ನಡೆದುಕೊಂಡ. ನೋಡುಗರು ಕೆರಳಿದರು. ಅಂತಿಮ ಹಂತದಲ್ಲಿ ಸಹಸ್ಪರ್ಧಿ ಲಾರಾ ಬೆನೆಟ್ ಅವನ ಮೇಲೆ ಇನ್ನೊಂದು ಆರೋಪ ಹೊರಿಸಿದಳು: ಇಷ್ಟು ನಯವಾದ ಹೊಲಿಗೆ ಅವನೊಬ್ಬನದೇ ಆಗಿರಲಾರದು, ಹೊರಗಿನವರ ನೆರವು ಪಡೆದಿದ್ದಾನೆ ಎಂದು. ಕಾರ್ಯಕ್ರಮದವರು ವಿಚಾರಣೆ ನಡೆಸಿದರು, ಆರೋಪ ಸ್ಥಿರಪಡಲಿಲ್ಲ. ಅವನೇ ಗೆದ್ದ.

ಈ ಕಥೆಯನ್ನು ನಮ್ಮೂರಿನ ಹಿರಿಯ ದರ್ಜಿಯೊಬ್ಬರ ಮುಂದಿಟ್ಟೆವು. “ಹೊಲಿಗೆಯ ವಿಷಯ ಸುಲಭ ಫಾದರ್. ಬಟ್ಟೆಯನ್ನು ಒಳಮಗ್ಗುಲಿಗೆ ತಿರುಗಿಸಿದರೆ ಕೈ ಯಾವುದೆಂದು ತಿಳಿದುಹೋಗುತ್ತದೆ. ಬಾಯಿಯ ವಿಷಯ ನಮಗೆ ಬರುವುದಿಲ್ಲ” ಎಂದು ಅವರು ನಕ್ಕರು. ತತ್ತ್ವಶಾಸ್ತ್ರದ ತರಗತಿಯಲ್ಲಿ ನಾವು ಬಹಳ ದಿನ ಓದಿದ್ದು ಅವರ ಅಂಗಡಿಯಲ್ಲಿ ಒಂದೇ ಮಾತಿಗೆ ಇಳಿದಿತ್ತು.

ಸಂತ ತೋಮಸ್ ಅಕ್ವಿನಾಸರ ದಾರಿಯಲ್ಲಿ ನಡೆದ ಚಿಂತಕರು ಮನುಷ್ಯನ ಒಂದು ನಡತೆಯನ್ನು ತೂಗುವಾಗ ಮೂರನ್ನು ಬೇರೆಬೇರೆಯಾಗಿ ನೋಡುತ್ತಾರೆ: ಮಾಡಿದ್ದು ಏನು, ಯಾವ ಉದ್ದೇಶದಿಂದ ಮಾಡಿದ್ದು, ಯಾವ ಸನ್ನಿವೇಶದಲ್ಲಿ ಮಾಡಿದ್ದು. ದೂರದರ್ಶನದ ಪರದೆಯು ಮೊದಲನೆಯದನ್ನು ಚೆನ್ನಾಗಿ ತೋರಿಸುತ್ತದೆ. ಹತ್ತು ಸಲ ಬೇಕಾದರೂ ತೋರಿಸುತ್ತದೆ. ಸನ್ನಿವೇಶವನ್ನು ತುಂಡುತುಂಡಾಗಿ ತೋರಿಸುತ್ತದೆ. ದಿನದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ರಾತ್ರಿ ಒಂಬತ್ತೂವರೆಗೆ ನಮ್ಮ ಮುಂದೆ ಬರುವುದು ಯಾರೋ ಆಯ್ದು ಜೋಡಿಸಿದ ಸ್ವಲ್ಪ ಭಾಗ ಮಾತ್ರ. ಒಬ್ಬನು ಸಿಟ್ಟಾದ ಕ್ಷಣ ಕಾಣುತ್ತದೆ. ಅದಕ್ಕೆ ಮುಂಚಿನ ಮೂರು ಗಂಟೆ ಕಾಣದೆ ಹೋಗಬಹುದು. ಇನ್ನು ಉದ್ದೇಶವೋ, ಅದು ಯಾವ ಕ್ಯಾಮೆರಾಕ್ಕೂ ಸಿಕ್ಕುವ ವಸ್ತುವಲ್ಲ. ವಿಚಿತ್ರವೆಂದರೆ, ನಮ್ಮ ಚರ್ಚೆಗಳಲ್ಲಿ ಅತಿ ಹೆಚ್ಚು ಖಚಿತವಾಗಿ ಮಾತಾಡುವುದು ಈ ಮೂರನೆಯದರ ಬಗೆಗೇ. ‘ಅವನು ನಾಟಕ ಮಾಡುತ್ತಿದ್ದಾನೆ’, ‘ಇವಳ ಕಣ್ಣೀರು ಮತಕ್ಕಾಗಿ’ ಎಂದು ಹೇಳುವಾಗ ನಮ್ಮ ದನಿಯಲ್ಲಿ ಸಂಶಯವೇ ಇರುವುದಿಲ್ಲ.

ಉಡುಪಿನ ಸ್ಪರ್ಧೆಯಲ್ಲಿ ಈ ಚಪಲಕ್ಕೆ ಒಂದು ತಡೆಯಿದೆ, ಏಕೆಂದರೆ ಸ್ಪರ್ಧಿ ಮತ್ತು ನೋಡುಗನ ನಡುವೆ ಒಂದು ಬಟ್ಟೆಯಿದೆ. ‘ಬಿಗ್ ಬಾಸ್’ ಮನೆಯಲ್ಲಿ ನಡುವೆ ಏನೂ ಇಲ್ಲ. ಅಲ್ಲಿ ಹೊಲಿಯಲ್ಪಡುವ, ಬಿಚ್ಚಲ್ಪಡುವ ಬಟ್ಟೆ ಮನುಷ್ಯನೇ.

ಹಾಗೆಂದು ನಡುವೆ ಕಲೆಯಿದ್ದರೆ ಸಾಕೆನ್ನುವಂತೆಯೂ ಇಲ್ಲ. 2017ರ ಮಾರ್ಚ್ ತಿಂಗಳಲ್ಲಿ ಜೀ ಕನ್ನಡದ ‘ಸರಿಗಮಪ’ ವೇದಿಕೆಯಲ್ಲಿ ಶಿವಮೊಗ್ಗ ಜಿಲ್ಲೆಯ ಸುಹಾನಾ ಸೈಯದ್ ಹಿಜಾಬ್ ಧರಿಸಿ ಬಂದು ಹಿಂದೂ ಭಕ್ತಿಗೀತೆಯೊಂದನ್ನು ಹಾಡಿದರು. ಪರಪುರುಷರ ಮುಂದೆ ಹಾಡಿ ಸಮುದಾಯಕ್ಕೆ ಕಳಂಕ ತಂದಳೆಂದು ಕೆಲವರು ನಿಂದಿಸಿದರು. ಅದಕ್ಕಿಂತ ಬಹುಪಾಲು ಹೆಚ್ಚಿನ ಜನ ಆಕೆಯ ಬೆನ್ನಿಗೆ ನಿಂತರು; ಅದು ನಾಡಿಗೆ ಗೌರವ ತಂದ ಸಂಗತಿ. ಆದರೆ ಮೆಚ್ಚಿದವರಿಗೂ ಆಕೆ ಸೌಹಾರ್ದದ ಸಂಕೇತವಾಗಿ ಕಂಡಳೇ ಹೊರತು, ಶ್ರುತಿ ಸೇರಿತ್ತೇ, ಉಸಿರು ಎಲ್ಲಿ ನಿಂತಿತು ಎಂದು ಕೇಳಿದವರು ವಿರಳ. ಹಾಡಲು ಬಂದವಳಿಗೆ ಅದೂ ಒಂದು ನಷ್ಟವೇ ಅಲ್ಲವೇ?

ಮತ್ತೆ ಆ 34 ಲಕ್ಷ ಮತಗಳ ಮಾತಿಗೆ ಬರೋಣ. ಮತ ಹಾಕಿದವರಿಗೆ ಸ್ಪರ್ಧಿ ಋಣಿಯೇ? ಕೃತಜ್ಞತೆ ಅವನ ಕರ್ತವ್ಯವೆಂಬುದರಲ್ಲಿ ಸಂಶಯವಿಲ್ಲ. ಕಾರ್ಯಕ್ರಮದವರೊಡನೆ ಅವನು ಮಾಡಿಕೊಂಡ ಕರಾರು ಬೇರೆ. ಅದನ್ನು ಅವರಿಬ್ಬರೇ ನೋಡಿಕೊಳ್ಳಲಿ. ಆದರೆ ನಾವು ಕೊಟ್ಟ ಮತ ದಾನವೋ, ಮುಂಗಡ ಹಣವೋ? ದಾನವಾದರೆ, ಪಡೆದವನು ‘ನನ್ನಿಂದಾಗದು’ ಎಂದಾಗ ಕೊಟ್ಟವನಿಗೆ ನೋವಾಗಬಹುದು, ಕೋಪ ಸಲ್ಲದು. ಮುಂಗಡವಾದರೆ, ನಾವು ಕೊಂಡದ್ದು ಏನನ್ನು? ಮನನೊಂದವನೊಬ್ಬನು ನಮ್ಮ ರಾತ್ರಿಯ ಊಟದ ಹೊತ್ತಿಗೆ ನಮ್ಮೆದುರು ಕುಳಿತಿರಲೇಬೇಕೆಂಬ ಹಕ್ಕನ್ನೇ? ಮೇಲೆ ಹೇಳಿದ ಗೃಹಸ್ಥರಿಗೆ ಈ ಪ್ರಶ್ನೆಯನ್ನು ಹಾಕಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀವು ಕಾರ್ಯಕ್ರಮ ನೋಡುವುದಿಲ್ಲ ಫಾದರ್, ಅದಕ್ಕೇ ಹೀಗೆ ಕೇಳುತ್ತೀರಿ” ಎಂದರು. ಅವರು ತಿಳಿದಷ್ಟು ಕಡಿಮೆಯೇನೂ ನಾವು ನೋಡಿರಲಿಲ್ಲ.

2024ರ ಜನವರಿ 28ರಂದು ಕಾರ್ತಿಕ್ ಮಹೇಶ್ ಆ ಸ್ಪರ್ಧೆಯನ್ನು ಗೆದ್ದರು. ಹೊರಗೆ ಹೋಗುತ್ತೇನೆಂದು ಹಟ ಹಿಡಿದಿದ್ದ ಸಂತೋಷ್ ಕೊನೆಯ ಆರು ಮಂದಿಯಲ್ಲಿ ಒಬ್ಬರಾಗಿ ಉಳಿದಿದ್ದರು. ಅಂತಿಮ ವಾರ ಅದೇ ಗೃಹಸ್ಥರು ಎದುರಾದಾಗ ತಮ್ಮ ಮತ ಯಾರಿಗೆಂದು ಕೇಳಿದೆವು. “ವರ್ತೂರು ಸಂತೋಷ್‌ಗೇ” ಎಂದರು. ಕೃತಘ್ನ ಎಂದಿದ್ದಿರಲ್ಲ ಎಂದು ನೆನಪಿಸಿದರೆ, “ಛೇ, ಒಳ್ಳೆಯ ಮನುಷ್ಯ ಫಾದರ್, ಮುಖ ನೋಡಿದರೇ ಗೊತ್ತಾಗುತ್ತದೆ” ಎಂದು ಚೀಲ ಹಿಡಿದು ತರಕಾರಿಗೆ ಹೊರಟರು.